ಕುಡಿಯದವನ ಲಿವರ್

ನನ್ನ ಮೈದುನನ ಹೊಟ್ಟೆಯನ್ನು ಕೊಲ್ಕತ್ತಾದ ನಮ್ಮವರೆಲ್ಲ ಮೆಚ್ಚಿಕೊಂಡಿದ್ದರು. ನಮ್ಮವರು ಎಂದರೆ ಉಡುಪಿ ಕಡೆಯಿಂದ ಬಂದು ಹೋಟೆಲು, ಕೇಟರಿಂಗ್, ಒಂದಿಷ್ಟು ಸರ್ಕಾರಿ ನೌಕರಿ ಎಂದು ಈ ಊರಿನಲ್ಲಿ ಬೇರುಬಿಟ್ಟ ಸಣ್ಣ ಗುಂಪು. ಪ್ರತಿ ವರ್ಷ ಕೃಷ್ಣಾಷ್ಟಮಿಗೆ ನಮ್ಮ ಸಂಘ ಕಾಳಿಘಾಟ್ ಹತ್ತಿರ ಒಂದು ಹಾಲ್ ಬಾಡಿಗೆಗೆ ಹಿಡಿಯುತ್ತಿತ್ತು. ಅದರ ಹಿಂದಿನ ಅಂಗಳದಲ್ಲಿ ಒಲೆ ಹೂಡಿ, ಮಡಿಪಂಚೆಯುಟ್ಟು, ಬರಿಮೈಯಲ್ಲಿ ಮೈದುನ ಬಾಣಲೆಯ ಮುಂದೆ ನಿಲ್ಲುತ್ತಿದ್ದ. ಹೊಟ್ಟೆ ಜನಿವಾರವನ್ನು ಒಂದು ಪಕ್ಕಕ್ಕೆ ತಳ್ಳಿ, ಬೆಂಕಿಯ ಬೆಳಕಿನಲ್ಲಿ ಹುಣಸೆ ಹಚ್ಚಿ ತಿಕ್ಕಿದ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು.

"ಅಡುಗೆಯವರು ಅಂದ್ರೆ ಹೀಗಿರ್ಬೇಕು," ಎನ್ನುತ್ತಿದ್ದರು ಸಂಘದ ಅಧ್ಯಕ್ಷರು. "ನಿಮ್ಮ ಹೊಟ್ಟೆ ನೋಡಿದ್ರೇ ನಮ್ಮ ಹೊಟ್ಟೆ ತುಂಬ್ತದೆ."

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಗ್ಲಟನಿ, ಅಂದರೆ ಹೊಟ್ಟೆಬಾಕತನ, ದೊಡ್ಡ ಪಾಪಗಳಲ್ಲಿ ಒಂದೆಂದು ಅಲ್ಲಿನ ಸಿಸ್ಟರ್‌ಗಳು ನಮಗೆ ಬಾಯಿಪಾಠ ಮಾಡಿಸಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ಅದು ಸದ್ಗುಣವಾಗಿತ್ತು. ಬಡಿಸಿದ್ದನ್ನು ಬೇಡ ಎನ್ನುವವನು ಅಹಂಕಾರಿ. ಎರಡನೇ ಸಲ ಹಾಕಿಸಿಕೊಳ್ಳುವವನು ವಿನಯವಂತ.

ಮೈದುನನ ವಿನಯಕ್ಕೆ ಮಿತಿಯಿರಲಿಲ್ಲ.

ಅವನು ಈ ಊರಿಗೆ ಬಂದಾಗ ಕಡ್ಡಿಯ ಹಾಗಿದ್ದ. ಶಾಲೆ ತಲೆಗೆ ಹತ್ತಲಿಲ್ಲ. ನನ್ನ ಗಂಡ ಸೆಂಟ್ರಲ್ ಗವರ್ನಮೆಂಟ್ ಆಫೀಸರ್, ತಮ್ಮ ದೋಸೆ ಹಿಟ್ಟು ರುಬ್ಬುವವನು. ಈ ವ್ಯತ್ಯಾಸವನ್ನು ನಮ್ಮ ಅತ್ತೆ ಒಂದು ದಿನವೂ ಯಾರಿಗೂ ಮರೆಯಗೊಡಲಿಲ್ಲ. "ಒಬ್ಬ ಪೆನ್ನು ಹಿಡಿದ, ಒಬ್ಬ ಸಟ್ಟುಗ ಹಿಡಿದ," ಎಂದು ಬಂದವರಿಗೆಲ್ಲ ಇಬ್ಬರನ್ನೂ ಪರಿಚಯಿಸುತ್ತಿದ್ದರು. ಆಮೇಲೆ ಪೆನ್ನು ಹಿಡಿದವರು ಹಾರ್ಟ್ ಅಟ್ಯಾಕ್ ಆಗಿ ಹೋದರು. ಬಾಲಿಗಂಜಿನ ಹಳೆಯ ಫ್ಲ್ಯಾಟಿನಲ್ಲಿ ನಾನೂ ಅತ್ತೆಯೂ ಉಳಿದೆವು. ಮೇಲಿನ ಮಹಡಿಯಲ್ಲಿ ಮೈದುನ, ಅವನ ಹೆಂಡತಿ, ಮಗಳು. ಎರಡು ಮನೆಯ ಅಡುಗೆಯೂ ಖರ್ಚೂ ಅವನದೇ. ಆದರೂ ಅತ್ತೆಯ ಬಾಯಲ್ಲಿ ಅವನು ಉಳಿದ ಮಗನೇ ಹೊರತು ಇದ್ದ ಮಗನಾಗಲಿಲ್ಲ.

ಅಷ್ಟಮಿಯ ಒಂದು ದಿನ ಮಾತ್ರ ಲೆಕ್ಕ ಬೇರೆಯಾಗುತ್ತಿತ್ತು. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯವನು ಏನನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಅದು ನಮ್ಮ ಕ್ರಮ. ಉಪ್ಪು ಕೈಯಂದಾಜಿನಲ್ಲಿ ಬೀಳಬೇಕು. ಲಾಡಿನ ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಮೂಗು ಹೇಳಬೇಕು. ಮೈದುನನಿಗೆ ಆ ಮೂಗು ಇತ್ತು. ಬಾಣಲೆಯಿಂದ ಎರಡು ಮಾರು ದೂರ ನಿಂತು, "ಆಯ್ತು, ಇಳಿಸಿ," ಎನ್ನುತ್ತಿದ್ದ. ಆ ದಿನ ಅವನಿಗಿಂತ ಓದಿದವರು, ದೊಡ್ಡವರು, ಎಲ್ಲರೂ ಅವನನ್ನು 'ನೀವು' ಎನ್ನುತ್ತಿದ್ದರು. ಅತ್ತೆ ಕೂಡ ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು, "ಅದು ನನ್ನ ಮಗ," ಎಂದು ಪಕ್ಕದವರಿಗೆ ಹೇಳುತ್ತಿದ್ದರು. ವರ್ಷವಿಡೀ ಅವನು ಬದುಕುತ್ತಿದ್ದದ್ದು ಆ ಒಂದು ದಿನಕ್ಕಾಗಿ ಎಂದರೆ ಹೆಚ್ಚಾಗದು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಾಲ್ಟ್ ಲೇಕ್ ಕಡೆ ಗಾಜಿನ ಕಟ್ಟಡಗಳು ಎದ್ದವು. ಐಟಿ, ಕಾಲ್ ಸೆಂಟರ್ ಎಂದು ಊರಿಗೆ ಊರೇ ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಕಟ್ಟಿಕೊಂಡು ಓಡಾಡತೊಡಗಿತು. ಆ ಮಕ್ಕಳಿಗೆ ಇಡ್ಲಿ, ದೋಸೆ, ಕೇಸರಿಬಾತ್ ಬೇಕಿತ್ತು. ಬಾಲಿಗಂಜ್ ಸ್ಟೇಷನ್ ಬಳಿ ಇದ್ದ ಮೈದುನನ ಪುಟ್ಟ ಹೋಟೆಲಿಗೆ ಮೂರು ಆಫೀಸುಗಳ ಕ್ಯಾಂಟೀನ್ ಸಿಕ್ಕಿತು. ನಂತರ ಕಸ್ಬಾದಲ್ಲಿ ಇನ್ನೊಂದು. ಅಲ್ಲಿಯ ತನಕ ಅವನೇ ಹಿಟ್ಟಿನ ಬಕೆಟ್ ಹೊರುತ್ತಿದ್ದ, ಅವನೇ ಕಾಯಿ ಒಡೆಯುತ್ತಿದ್ದ. ಈಗ ಕಾರು ಬಂತು, ಡ್ರೈವರ್ ಬಂದ. ಆಫೀಸಿನಿಂದ ಆಫೀಸಿಗೆ ಕುಳಿತೇ ಹೋಗುವುದು, ಮ್ಯಾನೇಜರ್‌ಗಳ ಮುಂದೆ ಕುಳಿತೇ ಮಾತಾಡುವುದು. ಹೋದಲ್ಲೆಲ್ಲ ಮಣ್ಣಿನ ಕುಡಿಕೆಯಲ್ಲಿ ಸಕ್ಕರೆ ಸುರಿದ ಚಾ. ಓಣಿಯ ಅಂಗಡಿಯವರು ಪ್ರೀತಿಯಿಂದ ಕೊಡುವ ಸಂದೇಶ್ ಮಿಠಾಯಿ. ಊಟ ಮಾತ್ರ ಹೋಟೆಲಿನವರ ಹಳೆ ಪದ್ಧತಿಯಲ್ಲಿ, ಕೊನೆಯ ಗಿರಾಕಿ ಎದ್ದ ಮೇಲೆ, ಸಂಜೆ ನಾಲ್ಕಕ್ಕೆ. ಆಗ ಕ್ಯಾಂಟೀನುಗಳಿಂದ ಮರಳಿ ಬಂದ ಟ್ರೇಗಳು ಎದುರಿಗಿರುತ್ತಿದ್ದವು. ಅನ್ನ ಚೆಲ್ಲುವುದು ಅವನಿಂದಾಗದು. ಮುಟ್ಟದೆ ಉಳಿದ ಕೇಸರಿಬಾತನ್ನು ನಿಂತಲ್ಲೇ ಕೈಯಲ್ಲಿ ಹಿಡಿದು ಮುಗಿಸುತ್ತಿದ್ದ.

ಹೊಟ್ಟೆ ಬೆಳೆಯಿತು. ಜನ ಮೆಚ್ಚಿದರು.

ಒಂದು ಆಫೀಸಿನವರು ತಮ್ಮ ನೌಕರರಿಗಾಗಿ ಹೆಲ್ತ್ ಚೆಕಪ್ ಇಟ್ಟಿದ್ದರು. ಕ್ಯಾಂಟೀನಿನವರೂ ಬನ್ನಿ ಎಂದರಂತೆ. ಮೈದುನ ಫ್ರೀ ಎಂದರೆ ಬಿಡುವವನಲ್ಲ. ಹೊಟ್ಟೆಗೆ ತಣ್ಣಗಿನ ಜೆಲ್ಲಿ ಸವರಿ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಸಂಜೆ ಮನೆಗೆ ಬಂದವನೇ ನಗುತ್ತ ಹೇಳಿದ, "ಅತ್ತಿಗೆ, ನಾನೂ ಬಂಗಾಳಿ ಆಗಿಬಿಟ್ಟೆ. ನನಗೆ ಲಿವರ್ ಪ್ರಾಬ್ಲಮ್ ಅಂತೆ."

ಅವನು ನಕ್ಕದ್ದರಲ್ಲಿ ತಪ್ಪಿಲ್ಲ. ಈ ಊರಿನಲ್ಲಿ ಎಲ್ಲರ ಬಳಿ ಒಂದು ಕೊಡೆ, ಒಂದು ಮಂಕಿ ಕ್ಯಾಪ್, ಒಂದು ಕೆಟ್ಟ ಲಿವರ್ ಇರುತ್ತದೆ. ತಲೆನೋವಿಗೂ ಲಿವರ್, ಮುಂಗೋಪಕ್ಕೂ ಲಿವರ್. ಮೂಲೆಮೂಲೆಯ ಔಷಧಿ ಅಂಗಡಿಯಲ್ಲಿ ಸಿಹಿಯಾದ ಲಿವರ್ ಟಾನಿಕ್. ಆದರೆ ಒಳಗಿನ ಕೋಣೆಯಲ್ಲಿ ಜಪ ಮಾಡುತ್ತಿದ್ದ ಅತ್ತೆಗೆ ಆ ಶಬ್ದ ಕೇಳಿಸಿತ್ತು. ಎಂಬತ್ತು ದಾಟಿದ್ದರೂ ಅವರ ಕಿವಿ ಬೇಕಾದದ್ದಕ್ಕೆ ಚುರುಕು.

"ಲಿವರಾ? ಅದು ಕುಡಿಯುವವರಿಗೆ ಬರುವುದಲ್ವಾ?"

"ಎಂತ ಅಮ್ಮ, ನಾನು ಕುಡಿಯುವುದುಂಟಾ?"

"ಆ ಗಾಜಿನ ಆಫೀಸಿನವರ ಜೊತೆ ನೀನು ಎಲ್ಲೆಲ್ಲಿ ಕೂರ್ತೀಯೋ, ನಾನು ನೋಡ್ಲಿಕ್ಕೆ ಬರ್ತೇನಾ?"

ನಾನು ನಡುವೆ ಬಾಯಿ ಹಾಕಿದೆ. ಕುಡಿಯದವರಿಗೂ ಬರುತ್ತದೆ ಎಂದು ಕೇಳಿದ್ದೇನೆ ಎಂದೆ. ಅತ್ತೆ ಜಪಸರ ಕೆಳಗಿಡದೆ ನನ್ನತ್ತ ತಿರುಗಿದರು. "ನಿನ್ನ ಶಾಲೆಯ ಪಾದ್ರಿಗಳು ದೇವರ ಎದುರೇ ಕುಡೀತಾರಲ್ಲ. ನಿನಗೆ ಎಲ್ಲ ಒಂದೇ."

ಅವನು ದೇವರ ಪೆಟ್ಟಿಗೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಐವತ್ತರ ಹತ್ತಿರ ಬಂದ ಗಂಡಸು, ಉಸಿರು ಕಟ್ಟಿಕೊಂಡು ಬಗ್ಗಿ, ಹಣೆ ಮುಟ್ಟಿಸಿ. ಅತ್ತೆ ನೋಡುತ್ತ ಕುಳಿತರು. ಅವನು ಎದ್ದ ಮೇಲೆ, "ಕುಡಿಯುವವರು ಆಣೆ ಹಾಕುವುದಿಲ್ಲ ಅಂತ ಇಲ್ಲ," ಎಂದು ಜಪ ಮುಂದುವರಿಸಿದರು.

ಅಲ್ಲಿಂದ ಅತ್ತೆಯ ಚಿಕಿತ್ಸೆ ಶುರುವಾಯಿತು. ಅವರಿಗೆ ಗೊತ್ತಿದ್ದ ಲಿವರಿನ ಕಾಯಿಲೆ ಕಾಮಾಲೆ ಒಂದೇ. ಊರಿನಲ್ಲಿ ಕಾಮಾಲೆಗೆ ಎಣ್ಣೆ ಇಲ್ಲ, ಅರಸಿನ ಇಲ್ಲ, ಕಬ್ಬಿನ ಹಾಲು, ಗ್ಲುಕೋಸ್ ನೀರು, ಸಕ್ಕರೆ ಹಾಕಿದ ಗಂಜಿ. ಬೆಳಿಗ್ಗೆ ಸ್ಟೇಷನ್ ಎದುರಿನ ಗಾಡಿಯಿಂದ ದೊಡ್ಡ ಲೋಟ ಕಬ್ಬಿನ ಹಾಲು, ಸಂಜೆ ಇನ್ನೊಂದು. ಅವರೇ ಎದುರು ಕುಳಿತು ಕುಡಿಸುತ್ತಿದ್ದರು. ಮಗನನ್ನು ಎದುರಿಗೆ ಕೂರಿಸಿಕೊಂಡು ಅವರು ಏನನ್ನಾದರೂ ಕುಡಿಸಿದ್ದು, ನನಗೆ ತಿಳಿದಂತೆ, ಅದೇ ಮೊದಲು. ಅವನು ಕಣ್ಣು ಮುಚ್ಚಿ, ತೀರ್ಥ ಕುಡಿದಂತೆ ಕುಡಿಯುತ್ತಿದ್ದ. ನನಗೆ ಅನುಮಾನವಿತ್ತು, ನಿಜ. ಆದರೆ ಆ ಮುಖ ನೋಡಿದರೆ ಲೋಟ ಕಸಿದುಕೊಳ್ಳಲು ಯಾರಿಗೂ ಕೈ ಬರುತ್ತಿರಲಿಲ್ಲ.

ಕೆಲವು ತಿಂಗಳಲ್ಲಿ ಅವನ ಪಂಚೆ ಇನ್ನೂ ಬಿಗಿಯಾಯಿತು. ಮಹಡಿ ಹತ್ತುವಾಗ ನಡುವೆ ನಿಲ್ಲತೊಡಗಿದ. ನಾನೇ ಅವನನ್ನು ನನ್ನ ಹಳೆಯ ವಿದ್ಯಾರ್ಥಿನಿಯ ಬಳಿ ಕರೆದುಕೊಂಡು ಹೋದೆ. ನಾನು ಇಂಗ್ಲಿಷ್ ಕಲಿಸಿದ ಬಂಗಾಳಿ ಹುಡುಗಿ, ಈಗ ಹೊಟ್ಟೆಯ ರೋಗಗಳ ದೊಡ್ಡ ಡಾಕ್ಟರ್. ಇಂದಿಗೂ ನನ್ನನ್ನು ಮಿಸ್ ಎನ್ನುತ್ತಾಳೆ. ರಿಪೋರ್ಟುಗಳನ್ನು ನೋಡಿ, ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಕಬ್ಬಿನ ಹಾಲಿನ ಹತ್ತಿರ ಬಂದಾಗ ಪೆನ್ನು ಕೆಳಗಿಟ್ಟಳು.

"ಮಿಸ್, ಇದು ಜಾಂಡಿಸ್ ಅಲ್ಲ. ಇದು ಫ್ಯಾಟಿ ಲಿವರ್. ಸಕ್ಕರೆ ಇದಕ್ಕೆ ಔಷಧಿಯಲ್ಲ, ಇದರ ಮೂಲ."

"ಆದ್ರೆ ನಾನು ಎಣ್ಣೆ ಪೂರ್ತಿ ಬಿಟ್ಟಿದ್ದೇನೆ ಡಾಕ್ಟ್ರೇ," ಎಂದ ಮೈದುನ ತನ್ನ ಹೋಟೆಲ್ ಹಿಂದಿಯಲ್ಲಿ.

ಅವಳು ಅವನ ಕಸುಬು ಕೇಳಿದಳು. ಆಮೇಲೆ ಹೇಳಿದಳು, "ಕೇಸರಿಬಾತ್‌ಗೆ ತುಪ್ಪ ಹೆಚ್ಚಾದರೆ ಏನಾಗುತ್ತದೆ?"

"ರವೆ ಹಿಡಿಯುವಷ್ಟು ಹಿಡೀತದೆ. ಮತ್ತೆ ಬಿಡ್ತದೆ, ಬದಿಯಲ್ಲಿ ನಿಲ್ತದೆ."

"ನಿಮ್ಮ ಲಿವರ್ ಆ ರವೆ. ವ್ಯತ್ಯಾಸ ಏನು ಅಂದರೆ, ನೀವು ತುಪ್ಪ ಹಾಕಬೇಕೆಂದೇ ಇಲ್ಲ. ಹೆಚ್ಚಾದ ಅನ್ನ, ಸಕ್ಕರೆ, ಸಿಹಿ, ಎಲ್ಲವನ್ನೂ ಶರೀರವೇ ತುಪ್ಪ ಮಾಡಿ ಅಲ್ಲಿ ತುಂಬುತ್ತದೆ. ಸೊಂಟದ ಸುತ್ತ ಬಂದದ್ದು ಕಾಣುತ್ತದೆ. ಒಳಗೆ ಬಂದದ್ದು ಕಾಣುವುದಿಲ್ಲ. ನಿಮಗೆ ಡಯಾಬಿಟಿಸ್ ಕೂಡ ಶುರುವಾಗಿದೆ. ಎರಡೂ ಕೈ ಹಿಡಿದುಕೊಂಡೇ ಬರುತ್ತವೆ."

ಅವನು ಹೊಟ್ಟೆಯ ಬಲಭಾಗವನ್ನು ಮುಟ್ಟಿ ನೋಡಿಕೊಂಡ. "ನೋವೇ ಇಲ್ಲವಲ್ಲ."

"ಅದೇ ತೊಂದರೆ. ಹಾರ್ಟ್ ಕೂಗಿ ಹೇಳುತ್ತದೆ. ಲಿವರ್ ವರ್ಷಗಟ್ಟಲೆ ಸುಮ್ಮನಿರುತ್ತದೆ. ಕೊಬ್ಬು ಕೂತಲ್ಲಿ ಬಾವು ಬರುತ್ತದೆ. ಬಾವು ಬಂದಲ್ಲಿ ಗಾಯದ ಕಲೆ. ಕಲೆ ಸೇರಿ ಸೇರಿ ಇಡೀ ಲಿವರ್ ಗಟ್ಟಿಯಾದರೆ ಸಿರೋಸಿಸ್. ಅಲ್ಲಿಂದ ಹಿಂದಕ್ಕೆ ದಾರಿ ಬಹಳ ಕಷ್ಟ. ನೀವು ಬಾವಿನ ಹತ್ತಿರ ಇದ್ದೀರಿ. ಇನ್ನೂ ಹಿಂದೆ ಬರಬಹುದು."

"ಔಷಧಿ ಕೊಡಿ."

"ಸಕ್ಕರೆ ಕಾಯಿಲೆಗೆ ಮಾತ್ರೆ ಕೊಡುತ್ತೇನೆ. ಲಿವರಿಗೆ ಔಷಧಿ ಅಂದರೆ ನಿಮ್ಮ ಕಾಲು. ದಿನಾ ನಡೆಯಿರಿ. ಸಿಹಿ ನಿಲ್ಲಿಸಿ, ಅನ್ನ ಅರ್ಧ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಧಾನವಾಗಿ ತೂಕ ಇಳಿಸಿ. ಉಪವಾಸ ಬಿದ್ದು ಒಮ್ಮೆಲೇ ಇಳಿಸಬೇಡಿ, ಅದೂ ಕೆಡುಕು. ಟಾನಿಕ್ ಬಾಟಲಿ ಇದ್ದರೆ ಬಿಸಾಡಿ. ಕುಡಿಯುತ್ತೀರಾ?"

"ಇಲ್ಲ."

"ಒಳ್ಳೆಯದು. ಶುರು ಮಾಡಬೇಡಿ," ಎಂದಳು ನಗುತ್ತ. ಅವನನ್ನು ಮೊದಲ ಮಾತಿಗೇ ನಂಬಿದವಳು ಅವಳೊಬ್ಬಳೇ. ಹೊರಗೆ ಬಂದ ಮೇಲೆ ಟ್ರಾಮಿನ ಸದ್ದಿನ ನಡುವೆ ಅವನು ಅದನ್ನೇ ಹೇಳಿದ, "ಆಣೆ ಕೂಡ ಕೇಳ್ಲಿಲ್ಲ ನೋಡಿ ಅತ್ತಿಗೆ."

ಮರುದಿನದಿಂದ ಬೆಳಿಗ್ಗೆ ನಾವಿಬ್ಬರೂ ಮನೆ ಹತ್ತಿರದ ಲೇಕ್ ಸುತ್ತ ನಡೆಯಲು ಹೋಗತೊಡಗಿದೆವು. ಅವು ಚೆನ್ನಾದ ಬೆಳಗುಗಳು. ನೀರಿನ ಮೇಲೆ ಮಂಜು, ರೋಯಿಂಗ್ ಕ್ಲಬ್ಬಿನ ಹುಡುಗಿಯರು, ಮರದ ಕೆಳಗೆ ಗುಂಪಾಗಿ ಸುಮ್ಮಸುಮ್ಮನೆ ಗಟ್ಟಿಯಾಗಿ ನಗುವ ಲಾಫಿಂಗ್ ಕ್ಲಬ್ಬಿನ ಮುದುಕರು. ಮೈದುನ ಮೊದಲ ವಾರ ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದ. ಚಳಿಗಾಲ ಮುಗಿಯುವ ಹೊತ್ತಿಗೆ ನಾನು ಬೆಂಚಿನಲ್ಲಿ, ಅವನು ನೀರಿನ ಆಚೆ ಬದಿಯಲ್ಲಿ. ಚಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟ. ಕ್ಯಾಂಟೀನ್ ಟ್ರೇಗಳನ್ನು ಹುಡುಗರಿಗೆ ಹಂಚಿ ಮನೆಗೆ ಕಳಿಸಿದ. ಮಧ್ಯಾಹ್ನ ಒಂದಕ್ಕೆ ಅಂಗಡಿಯ ಮೂಲೆಯಲ್ಲಿ ಕೂತು ಪಲ್ಯ, ಸ್ವಲ್ಪ ಅನ್ನ, ಮಜ್ಜಿಗೆ. ಕಬ್ಬಿನ ಹಾಲಿನ ಲೋಟವನ್ನು ಅತ್ತೆಯ ಮುಂದೆ ಹಾಗೇ ಬಿಟ್ಟು ಎದ್ದಾಗ ಅವರು ಎರಡು ದಿನ ಮಾತು ಬಿಟ್ಟರು. "ತಾಯಿ ಕೊಟ್ಟದ್ದು ವಿಷ, ಬಂಗಾಳಿ ಹುಡುಗಿ ಕೊಟ್ಟದ್ದು ಅಮೃತ," ಎಂದರು ಮೂರನೆಯ ದಿನ. ಆದರೂ ಅವನು ಬಿಡಲಿಲ್ಲ. ಮುಂದಿನ ಮಳೆಗಾಲದಲ್ಲಿ ತೆಗೆದ ಸ್ಕ್ಯಾನ್ ನೋಡಿ ನನ್ನ ವಿದ್ಯಾರ್ಥಿನಿ, "ಫುಲ್ ಮಾರ್ಕ್ಸ್," ಎಂದಳು. ಜೀವನದಲ್ಲಿ ಮೊದಲ ಸಲ ಅವನಿಗೆ ಯಾರೋ ಫುಲ್ ಮಾರ್ಕ್ಸ್ ಕೊಟ್ಟಿದ್ದರು. ರಿಪೋರ್ಟನ್ನು ಮಡಚಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ.

ಬದುಕು ಅಲ್ಲಿಗೆ ನಿಂತಿದ್ದರೆ ಎಂದು ನಾನು ಈಗಲೂ ಎಣಿಸುತ್ತೇನೆ. ನಿಲ್ಲುವುದು ಅದರ ಸ್ವಭಾವವಲ್ಲ.

ಅವನು ಇಳಿದಿದ್ದ. ಆದರೆ ಆ ವಯಸ್ಸಿನಲ್ಲಿ ಇಳಿದ ಶರೀರ ಹುಡುಗನ ಶರೀರವಾಗುವುದಿಲ್ಲ. ಕೆನ್ನೆ ಒಳಗೆ ಹೋಯಿತು. ಕೊರಳಿನ ಚರ್ಮ ಜೋತಿತು. ಹೊಟ್ಟೆಯಿದ್ದಲ್ಲಿ ಖಾಲಿ ಚೀಲದಂತೆ ಮಡಿಕೆಗಳು. ಜನ ಮೊದಲು ಕಣ್ಣಿನಲ್ಲಿ ಕೇಳಿದರು, ಆಮೇಲೆ ಬೆನ್ನ ಹಿಂದೆ ಹೇಳಿದರು. ಲಿವರ್ ಎಂಬ ಶಬ್ದವನ್ನು ಅತ್ತೆ ಸಂಘದ ಹೆಂಗಸರ ಭಜನೆಯಲ್ಲಿ ಆಗಲೇ ಹರಿಯಬಿಟ್ಟಿದ್ದರು, ಮಗನಿಗಾಗಿ ಹರಕೆ ಹೊತ್ತದ್ದನ್ನು ಹೇಳುವ ನೆಪದಲ್ಲಿ. ಈಗ ಇಬ್ಬರು ಸೇರಿದಲ್ಲಿ ಲೆಕ್ಕ ಸರಿಹೋಯಿತು. ಲಿವರ್ ಕೆಟ್ಟಿದೆ, ಮನುಷ್ಯ ಸೊರಗಿದ್ದಾನೆ. ಇನ್ನೇನು ಬೇಕು? ಅವನ ಹೆಂಡತಿ, ನನ್ನ ವಾರಗಿತ್ತಿ, ಪಾಪದವಳು. ಅವಳೂ ಒಗೆಯಲು ಹಾಕುವ ಮೊದಲು ಅವನ ಅಂಗಿಗಳನ್ನು ಮೂಸಿ ನೋಡುವುದನ್ನು ನಾನು ಕಂಡಿದ್ದೇನೆ. ಒಗ್ಗರಣೆಯ ವಾಸನೆ ಬಿಟ್ಟು ಅವಳಿಗೆ ಏನು ಸಿಕ್ಕೀತು?

ಅಷ್ಟಮಿಗೆ ಎರಡು ವಾರವಿರುವಾಗ ಅಧ್ಯಕ್ಷರು ಮನೆಗೆ ಬಂದರು. ಬ್ಯಾಂಕಿನಿಂದ ರಿಟೈರ್ ಆದ ಮನುಷ್ಯ. ದಿನಾ ಸಂಜೆ ಕ್ಲಬ್ಬಿನಲ್ಲಿ ಎರಡು ಪೆಗ್ ತೆಗೆದುಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತು. ಅದು ಸೋಶಿಯಲ್. ಅವರ ಲಿವರ್ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಾಫಿ ಮುಗಿಸಿ ಲೋಟವನ್ನು ಕೆಳಗಿಟ್ಟು, "ಈ ವರ್ಷ ನೀನು ಸ್ವಲ್ಪ ವಿಶ್ರಾಂತಿ ತಗೋ ಮಾರಾಯ," ಎಂದರು.

ಅಷ್ಟಮಿಯ ಮಾತಿನಲ್ಲಿ ಅವರು ಅವನನ್ನು 'ನೀನು' ಎಂದದ್ದು ಅಂದೇ ಮೊದಲು.

"ನಾನು ಹುಷಾರಾಗಿದ್ದೇನೆ," ಎಂದ ಮೈದುನ. "ಮೊದಲಿಗಿಂತ ಹುಷಾರಿದ್ದೇನೆ."

"ಅದು ಕಾಣ್ತದೆ."

"ಡಾಕ್ಟ್ರು ಹೇಳಿದ್ದಾರೆ."

"ಹೇಳ್ತಾರೆ, ಹೇಳ್ತಾರೆ. ನೋಡು, ನಾನು ನಂಬ್ತೇನೆ. ಆದ್ರೆ ಹತ್ತು ಜನ ಹತ್ತು ಹೇಳುವಾಗ ದೇವರ ಒಲೆಯ ಮುಂದೆ ಅಂಗಿ ತೆಗೆದು ಈ ಅವಸ್ಥೆಯಲ್ಲಿ ನೀನು ನಿಂತರೆ ಚೆನ್ನಾಗಿರ್ತದಾ? ನಿನ್ನ ಅಸಿಸ್ಟೆಂಟ್ ಇದ್ದಾನಲ್ಲ, ಅವನು ಮಾಡ್ಲಿ. ಗಟ್ಟಿ ಹುಡುಗ."

ಅಸಿಸ್ಟೆಂಟ್ ಎಂದರೆ ಮೈದುನನೇ ಊರಿನಿಂದ ಕರೆಸಿ ಕೆಲಸ ಕಲಿಸಿದ ಅಡುಗೆಯವನು. ಅವನ ಹೊಟ್ಟೆ ಆಗಷ್ಟೇ ಭರವಸೆ ಮೂಡಿಸುವ ಹಂತದಲ್ಲಿತ್ತು.

ನಾನು ಸುಮ್ಮನಿರಲಾರದೆ ಮೈದುನನ ಜೇಬಿನಿಂದ ರಿಪೋರ್ಟ್ ತೆಗೆದು ಅಧ್ಯಕ್ಷರ ಕೈಗೆ ಕೊಟ್ಟೆ. "ಇಂಗ್ಲಿಷ್ ಬರುತ್ತದಲ್ಲ, ಓದಿ. ನಾನ್-ಆಲ್ಕೋಹಾಲಿಕ್ ಎಂದು ಬರೆದಿದ್ದಾರೆ. ಕುಡಿತದಿಂದ ಬಂದದ್ದಲ್ಲ ಎಂದು ಅರ್ಥ."

ಅವರು ಕನ್ನಡಕ ಹಾಕಿ ಓದಿದರು. ಮತ್ತೊಮ್ಮೆ ಓದಿದರು. "ಕುಡಿಯದವನ ಕಾಗದದಲ್ಲಿ ಆಲ್ಕೋಹಾಲಿನ ಸುದ್ದಿ ಎಂತಕ್ಕೆ ಬಂತು ಟೀಚರೇ? ನನ್ನ ಶುಗರ್ ರಿಪೋರ್ಟಿನಲ್ಲಿ ಇಲ್ಲವಲ್ಲ."

ನಲವತ್ತು ವರ್ಷ ಮಕ್ಕಳಿಗೆ ಕಾಂಪ್ರಿಹೆನ್ಶನ್ ಕಲಿಸಿದವಳು ನಾನು. ರಿಪೋರ್ಟನ್ನು ಮಡಚಿ ಮೈದುನನ ಜೇಬಿಗೇ ವಾಪಸ್ ಹಾಕಿದೆ. ಅತ್ತೆ ಒಳಗಿನಿಂದಲೇ ಹೇಳಿದರು, "ಹೊಟ್ಟೆ ಇದ್ದಾಗ ಮರ್ಯಾದೆ ಇತ್ತು. ಲೇಕಿನ ಸುತ್ತ ಓಡಿ ಓಡಿ ಅದನ್ನೂ ಕಳಕೊಂಡ."

ಆ ಅಷ್ಟಮಿಗೆ ಅವನಿಗೆ ಕೊಟ್ಟ ಕೆಲಸ ಬಾಗಿಲ ಬಳಿ ಚಪ್ಪಲಿ ಜೋಡಿಸುವುದು, ಬಂದವರಿಗೆ ಪಾನಕ ಕೊಡುವುದು. ಗಂಡಸರೆಲ್ಲ ಬರಿಮೈಯಲ್ಲಿ ಶಲ್ಯ ಹೊದ್ದು ಓಡಾಡುತ್ತಿದ್ದರೆ ಅವನೊಬ್ಬ ಅಂಗಿ ಹಾಕಿ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡಿದ್ದ. ಲೋಟ ಕೊಡುವಾಗ ಕೆಲವರು ಅವನ ಕೈ ನಡುಗುತ್ತದೋ ಎಂದು ನೋಡಿದರು. ಅಷ್ಟು ಜನ ನೋಡಿದರೆ ಯಾರ ಕೈಯಾದರೂ ನಡುಗುತ್ತದೆ. ಅವನದೂ ನಡುಗಿತು. ನೋಡಿದವರಿಗೆ ತೃಪ್ತಿಯಾಯಿತು.

ಮಧ್ಯೆ ಅವನು ತಲೆಯೆತ್ತಿ ಗಾಳಿ ಮೂಸಿದ. "ಅತ್ತಿಗೆ, ಪಾಕ ಮೀರ್ತಾ ಉಂಟು. ಬೆಂಕಿ ಎಳೀಲಿಕ್ಕೆ ಹೇಳಿ."

ನಾನು ವಿಧವೆ, ದೇವರ ಒಲೆಯ ಬಳಿ ನನಗೂ ಜಾಗವಿಲ್ಲ. ಹಿಂದಿನ ಬಾಗಿಲ ತನಕ ಹೋಗಿ ಹೇಳಿದೆ. ಒಳಗಿನಿಂದ ಅಧ್ಯಕ್ಷರ ದನಿ ಬಂತು. "ಚಪ್ಪಲಿಯವರು ಚಪ್ಪಲಿ ನೋಡ್ಲಿ ಅಂತ ಹೇಳಿ." ನಾಲ್ಕು ಜನ ನಕ್ಕರು. ಆ ವರ್ಷದ ಲಾಡು ಕಲ್ಲಿನ ಹಾಗಿತ್ತು. ಎಲ್ಲರೂ ಹೊಗಳಿ ತಿಂದರು.

ಮರುದಿನ ಬೆಳಿಗ್ಗೆ ನಾನು ವಾಕಿಂಗಿನ ಕ್ಯಾನ್ವಾಸ್ ಶೂ ಹಾಕಿ ಕಾದೆ. ಅವನು ಬಂದ, ಬರಿಗಾಲಲ್ಲಿ.

"ನಾನಿನ್ನು ಬರುವುದಿಲ್ಲ ಅತ್ತಿಗೆ."

"ಒಂದು ದಿನದ ಅವಮಾನಕ್ಕೆ ಲಿವರ್ ಹಾಳು ಮಾಡ್ಕೊಳ್ತೀಯಾ? ಡಾಕ್ಟರ್ ಹೇಳಿದ್ದು ಮರೆತೆಯಾ? ಸತ್ತು ಹೋಗ್ತೀಯಪ್ಪ."

"ಎಲ್ಲರೂ ಸಾಯ್ತಾರೆ. ಅಣ್ಣ ಸಾಯ್ಲಿಲ್ವಾ? ಅಣ್ಣನನ್ನು ಯಾರೂ ಕುಡುಕ ಅಂತ ಹೇಳ್ಲಿಲ್ಲ." ಮಹಡಿ ಹತ್ತಲು ತಿರುಗಿದವನು ಮೆಟ್ಟಿಲಿನಿಂದ ಹೇಳಿದ, "ನನಗೆ ಇದ್ದದ್ದು ಅದೊಂದು ಸಟ್ಟುಗ. ಹೊಟ್ಟೆ ಬಂದ್ರೆ ಅದು ವಾಪಸ್ ಸಿಗ್ತದೆ ಅಂತಾದ್ರೆ, ಹೊಟ್ಟೆ ಬರ್ಲಿ."

ಅವನ ಲೆಕ್ಕ ತಪ್ಪಿರಲಿಲ್ಲ. ಅದೇ ಇದರಲ್ಲಿ ಅತಿ ಹೊಲಸಾದ ಸಂಗತಿ. ಕಬ್ಬಿನ ಹಾಲು ಮರಳಿ ಬಂತು. ಅತ್ತೆ ಮರಳಿ ಎದುರು ಕುಳಿತರು. ಸಂದೇಶ್ ಬಂತು, ಟ್ರೇಗಳು ಬಂದವು. ಮಾತ್ರೆ ಒಮ್ಮೆ ನುಂಗಿದರೆ ಎರಡು ಸಲ ಇಲ್ಲ. ಇಳಿದದ್ದಕ್ಕಿಂತ ಬೇಗ ಅವನು ಏರಿದ. ಭಜನೆಯ ಹೆಂಗಸರು, "ಈಗ ಮುಖದಲ್ಲಿ ಕಳೆ ಬಂತು, ಬಿಟ್ಟಿದ್ದಾನೆ ಅಂತ ಕಾಣ್ತದೆ," ಎಂದರು. ಎಂದೂ ಮುಟ್ಟದ್ದನ್ನು ಬಿಟ್ಟದ್ದಕ್ಕಾಗಿ ಅವನು ಶಹಬ್ಬಾಸ್‌ಗಿರಿ ಪಡೆದ. ನನ್ನ ವಿದ್ಯಾರ್ಥಿನಿ ಎರಡು ಸಲ ಫೋನ್ ಮಾಡಿದಳು. ಅವನು ಸಿಗಲಿಲ್ಲ. ಮೂರನೆಯ ಸಲ ನನ್ನನ್ನು ಕೇಳಿದಳು, "ಅವರಿಗೆ ಏನು ಹೆದರಿಕೆ ಮಿಸ್?" ನಾನು ಹೇಳಲು ಯತ್ನಿಸಿದೆ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಎಷ್ಟು ಸಿಲ್ಲಿಯಾಗಿ ಕೇಳಿಸಿತು ಎಂದರೆ ಅರ್ಧಕ್ಕೇ ನಿಲ್ಲಿಸಿದೆ.

ಮುಂದಿನ ಅಷ್ಟಮಿಗೆ ಅಧ್ಯಕ್ಷರು ತಾವೇ ಅವನ ಹೆಗಲ ಮೇಲೆ ಕೈಯಿಟ್ಟು ಒಲೆಯ ಬಳಿಗೆ ಕರೆದೊಯ್ದರು. "ಬನ್ನಿ, ಬನ್ನಿ. ನೀವಿಲ್ಲದೆ ಲಾಡು ಲಾಡೇ ಅಲ್ಲ." ಅವನು ಅಂಗಿ ತೆಗೆದ. ಹೊಟ್ಟೆ ಹೊಳೆಯಿತು. ಅತ್ತೆ ಕುರ್ಚಿಯಿಂದ, "ಅದು ನನ್ನ ಮಗ," ಎಂದರು. ಅವನ ಮುಖದಲ್ಲಿ ಅಂದು ಇದ್ದ ಸಂತೋಷವನ್ನು ನಾನು ಸುಳ್ಳೆನ್ನಲಾರೆ. ಅಂಥ ಸಂತೋಷ ನನಗೆ ಒದಗಿದ್ದರೆ ನಾನೂ ಏನು ಕೊಡುತ್ತಿದ್ದೆನೋ.

ಆರೇಳು ಅಷ್ಟಮಿ ಹಾಗೆ ಕಳೆದವು. ಕಸ್ಬಾದಲ್ಲಿ ಮಾಲ್ ಬಂತು, ಮಾಲಿನಲ್ಲಿ ಅವನ ಕೌಂಟರ್ ಬಂತು. ಡಾಕ್ಟರ್ ಹೇಳಿದಂತೆ ಲಿವರ್ ಸುಮ್ಮನಿತ್ತು. ಮಾತಾಡಿದಾಗ ಎಲ್ಲವನ್ನೂ ಒಟ್ಟಿಗೇ ಮಾತಾಡಿತು. ಕಾಲು ಊದಿತು. ಹೊಟ್ಟೆ ಬಿಗಿದು ದೊಡ್ಡದಾಯಿತು, ತೋಳು ಕಡ್ಡಿಯಾಯಿತು. ಕಡೆಯ ಅಷ್ಟಮಿಯಲ್ಲಿ ಆ ಹೊಟ್ಟೆಯೊಳಗೆ ಇದ್ದದ್ದು ನೀರು. ಅದನ್ನೂ ನೋಡಿ ಯಾರೋ, "ಈ ವರ್ಷ ಭರ್ಜರಿ," ಎಂದರು. ಒಂದು ತಿಂಗಳೊಳಗೆ ಸಿಂಕಿನಲ್ಲಿ ರಕ್ತ ವಾಂತಿ ಮಾಡಿಕೊಂಡ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಕ್ಯಾನುಗಟ್ಟಲೆ ನೀರು ತೆಗೆದರು. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ರಬ್ಬರ್ ಕಟ್ಟು ಹಾಕಿದರು. ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ ಎಂದರು. ಅದಕ್ಕೆ ಬೇರೆ ಊರಿಗೆ ಒಯ್ಯಬೇಕು. ಒಯ್ಯುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಕಣ್ಣು ಅರಸಿನವಾಯಿತು. ಲಿವರ್ ಸೋಸದ ವಿಷ ತಲೆಗೇರಿತು. ಅವನು ಮಾತು ತಪ್ಪಿ, ತೊದಲಿ, ಹಗಲು ಯಾವುದು ರಾತ್ರಿ ಯಾವುದು ತಿಳಿಯದೆ, ಕೈಯನ್ನು ಗಾಳಿಯಲ್ಲಿ ತಿರುವತೊಡಗಿದ, ಬಾಣಲೆಯಲ್ಲಿ ತಿರುವಿದ ಹಾಗೆ. ನೋಡಲು ಬಂದ ಅಧ್ಯಕ್ಷರು ಕಾಲಬುಡದಲ್ಲಿ ನಿಂತು ಆ ತೊದಲನ್ನು ಕೇಳಿದರು. ಹೊರಗೆ ಬಂದು ಜೊತೆಯವರಿಗೆ ಮೆಲ್ಲಗೆ ಹೇಳಿದ್ದು ಕಾರಿಡಾರಿನಲ್ಲಿದ್ದ ನನಗೆ ಕೇಳಿಸಿತು. "ಇಲ್ಲೂ ಯಾರೋ ತಂದುಕೊಡ್ತಾರೆ ಅಂತ ಕಾಣ್ತದೆ."

ವ್ಹೀಲ್‌ಚೇರಿನಲ್ಲಿ ಬಂದ ಅತ್ತೆ ನನ್ನ ವಿದ್ಯಾರ್ಥಿನಿಯ ಕೈ ಹಿಡಿದು ಏನೋ ಕೇಳಿದರು. ನಾನು ಅನುವಾದಿಸಬೇಕಿತ್ತು. "ಇನ್ನಾದ್ರೂ ನಿಜ ಹೇಳಲಿ. ನನ್ನ ಮಗ ಎಷ್ಟು ಕುಡೀತಿದ್ದ?"

ನಾನು ಇಂಗ್ಲಿಷಿನಲ್ಲಿ, ಆಕೆ ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ.

ಎರಡು ದಿನ ಬಿಟ್ಟು ಅವನು ಹೋದ. ಅತ್ತೆ ಅವನ ನಂತರ ಇನ್ನೂ ಎರಡು ವರ್ಷ ಬದುಕಿದರು, ಕಣ್ಣು ಕಿವಿ ಎಲ್ಲ ಸರಿಯಿಟ್ಟುಕೊಂಡು. ಅಧ್ಯಕ್ಷರು ಈಗಲೂ ಕ್ಲಬ್ಬಿಗೆ ಹೋಗುತ್ತಾರಂತೆ.

ಮೈದುನ ಹೋದ ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಊಟ. ಅದೇ ಹಾಲ್, ಅದೇ ಹಿಂದಿನ ಅಂಗಳ. ಅಡುಗೆ ಹಳೆಯ ಅಸಿಸ್ಟೆಂಟಿನದು. ಈ ಆರೇಳು ವರ್ಷದಲ್ಲಿ ಅವನ ಹೊಟ್ಟೆ ತನ್ನ ಭರವಸೆಯನ್ನು ಪೂರ್ತಿ ನಡೆಸಿಕೊಟ್ಟಿತ್ತು. ಜನಿವಾರ ಪಕ್ಕಕ್ಕೆ ಸರಿದಿತ್ತು. ನನ್ನ ಎದುರಿನ ಪಂಕ್ತಿಯಲ್ಲಿ ಯಾರೋ, "ಎಂಥ ಕೈ ಇತ್ತು ಮಾರಾಯ. ಆ ಒಂದು ಚಟ ಇಲ್ಲದಿದ್ರೆ," ಎನ್ನುತ್ತ ಪಾಯಸ ಸೊರ್ರನೆ ಸುರಿದರು. ಮೈದುನನ ಮಗಳು, ಈ ಊರಿನಲ್ಲೇ ಹುಟ್ಟಿ ಬೆಳೆದವಳು, ನನ್ನ ಪಕ್ಕದಲ್ಲಿ ಕೂತಿದ್ದಳು. "ದೊಡ್ಡಮ್ಮ, ವಾಟ್ ಆರ್ ದೇ ಸೇಯಿಂಗ್?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಅರ್ಥವಾಗಿಯೇ ಕೇಳಿದಳು. ನಾನು ಎಲೆ ನೋಡಿ ಊಟ ಮಾಡು ಎಂದೆ.

ಅಡುಗೆಯವನು ಲಾಡಿನ ಬುಟ್ಟಿ ಹಿಡಿದು ಸ್ವತಃ ಬಡಿಸಲು ಬಂದ. ಬಗ್ಗಿದಾಗ ಅವನ ಉಸಿರು ಸಿಕ್ಕಿಕೊಳ್ಳುವ ಸದ್ದು ನನಗೆ ಪರಿಚಿತ.

"ನೀನು ಒಮ್ಮೆ ಸ್ಕ್ಯಾನ್ ಮಾಡಿಸು," ಎಂದೆ. "ಲಿವರಿಗೆ. ನನಗೆ ಗೊತ್ತಿರುವ ಡಾಕ್ಟರ್ ಇದ್ದಾಳೆ. ನಾನೇ ಕರ್ಕೊಂಡು ಹೋಗ್ತೇನೆ."

ಅವನು ಸುತ್ತ ನೋಡಿದ. ಯಾರಾದರೂ ಕೇಳಿಸಿಕೊಂಡರೋ ಎಂದು.

"ನನಗೆ ಎಂತಕ್ಕೆ ಅಮ್ಮ ಅದೆಲ್ಲ?" ಎಂದ ಸ್ವಲ್ಪ ಗಟ್ಟಿಯಾಗಿ, ಪಂಕ್ತಿಗೆಲ್ಲ ಕೇಳುವ ಹಾಗೆ. "ನಾನು ಮುಟ್ಟುವವನಲ್ಲ."

ಮತ್ತೆ ನನ್ನ ಎಲೆಗೆ ಇನ್ನೊಂದು ಲಾಡು ಹಾಕಿದ. ನಾನು ಬೇಡ ಎನ್ನಲಿಲ್ಲ. ತಿಂದೆ. ಪಾಕ ಮೀರಿತ್ತು.